ತೊಡಿಸುವ ಕೈ

ಚಿಂತಾಮಣಿ
೧೨-೮-೧೯೯೨

ಪ್ರೀತಿಯ ಮಗಳು ಕೊಂಡಮ್ಮನಿಗೆ ನಿಮ್ಮಪ್ಪನ ಆಶೀರ್ವಾದ.

ನಿನ್ನ ಬೆನ್ನುನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಟೀ ಕುಡಿದು ದಿನ ದೂಡುತ್ತಿದ್ದೀಯೋ? ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಮ್ಮನ ಮಂಡಿ ಮಾತ್ರ ಮೋಡ ಕಂಡರೆ ಮುನಿಸಿಕೊಳ್ಳುತ್ತದೆ.

ನಿನ್ನ ಕಾಗದ ಓದಿದೆ. ಗೌರಿ ಹಬ್ಬ ಕಳೆದ ಮೇಲೆ ಬಳೆಗಳನ್ನೆಲ್ಲ ಬಂದ ಬೆಲೆಗೆ ಕೊಟ್ಟು, ಅಂಗಡಿಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಬಿಂದಿಗೆ ಇಡುತ್ತೇನೆ ಅಂತ ಬರೆದಿದ್ದೀಯ. ಬಕೆಟ್ಟು ಗೌರಿಬಿದನೂರಿನಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಅದಕ್ಕೆ ನಿನ್ನನ್ನು ಹುಡುಕಿಕೊಂಡು ಯಾರು ಬರುತ್ತಾರೆ ತಾಯಿ? ಅಳಿಯ ರಾಮಾಂಜಿನಪ್ಪ ಆ ಅಂಗಡಿಯನ್ನು ಬೆಳೆಸಿದ್ದು ಬಳೆಯಿಂದಲೇ. ಅವನು ಹೋಗಿ ವರ್ಷವಾಗುತ್ತಾ ಬಂತು. ಅಂದಿನಿಂದ ನೀನು ಓಬಳಮ್ಮನನ್ನು ಸಂಬಳಕ್ಕಿಟ್ಟು, ಅವಳನ್ನು ಮುಂದೆ ಕೂರಿಸಿ, ಒಳಗೆ ಡಬ್ಬಿಗಳ ಮಧ್ಯೆ ಕೂತಿದ್ದೀಯ. ಗಂಡ ಹೋದವಳ ಕೈಯಿಂದ ಯಾರು ಬಳೆ ತೊಡಿಸಿಕೊಳ್ಳುತ್ತಾರೆ ಅನ್ನುವುದು ನಿನ್ನ ಪ್ರಶ್ನೆ. ಹೋದ ತಿಂಗಳು ಬಂದಾಗ ನಾನು ಬೀಡಿ ಸೇದುವ ನೆಪದಲ್ಲಿ ಹೊರಗೆ ನಿಂತು ನೋಡಿದೆ. ಓಬಳಮ್ಮ ಒಳ್ಳೆಯವಳೇ, ಆದರೆ ಬಳೆ ತೊಡಿಸುವುದೆಂದರೆ ಎತ್ತಿಗೆ ಮೂಗುದಾರ ಹಾಕಿದ ಹಾಗೆ ಅಂದುಕೊಂಡಿದ್ದಾಳೆ. ಗಿರಾಕಿ ಅಯ್ಯೋ ಅನ್ನುತ್ತಾಳೆ, ಗಾಜು ಚೂರಾಗುತ್ತದೆ, ಮೇಲೆ ಆ ಚೂರಿಗೂ ದುಡ್ಡು ಕೇಳುತ್ತಾಳೆ. ಗಿರಾಕಿ ಕೈತಪ್ಪುತ್ತಿರುವುದು ಅದಕ್ಕೆ. ತೊಡಿಸುವಾಗ ಒಡೆದದ್ದು ಅಂಗಡಿಯವರ ಪಾಲಿನದು, ಇದು ನಮ್ಮ ಮನೆಯ ಕಾನೂನು.

ಕೈ ನೋಡದೆ ಬಳೆ ವ್ಯಾಪಾರವಿಲ್ಲ, ಒಳಗೆ ಕೂತವರಿಗೆ ಗಿರಾಕಿಯ ಕೈ ಕಾಣುವುದಿಲ್ಲ. ಶಿಡ್ಲಘಟ್ಟದ ಸಂತೆಯಲ್ಲಿ ಬಳೆ ಮಾರುವಾಗ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ್ದೆನಲ್ಲ, ರೇಷ್ಮೆ ನೂಲು ತೆಗೆಯುವ ಹೆಂಗಸರ ಕೈ ಬಿಸಿನೀರಲ್ಲಿ ಊದಿರುತ್ತದೆ, ಅವರು ಕೇಳಿದ್ದಕ್ಕಿಂತ ಒಂದು ಅಳತೆ ದೊಡ್ಡದು ಕೊಡಬೇಕು. ಅಲೀಪುರದವರು ಮದುವೆಗೆ ಬಂದರೆ ಇಡೀ ಮನೆಗೆ ಕೊಳ್ಳುತ್ತಾರೆ, ನಿನ್ನ ಬರಿ ಹಣೆಯ ಗೊಡವೆ ಅವರಿಗಿಲ್ಲ. ಆದರೆ ಮೊಹರಂ ಶೋಕದ ದಿನಗಳಲ್ಲಿ ಅವರು ಬಳೆ ಮುಟ್ಟುವುದಿಲ್ಲ, ಅವರ ಮೆಚ್ಚಿನ ಮಾಲನ್ನು ಅದು ಕಳೆದ ಮೇಲೆ ತರಿಸು. ಹಸಿರು ಮಾತ್ರ ಯಾವ ಕಾಲಕ್ಕೂ ಮುಗಿಯದಂತೆ ನೋಡಿಕೋ. ಬೇರೆಯವರು ಬೆಲೆ ಇಳಿಸಿದರೆ ಇಳಿಸಲಿ. ಅವರು ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ನೀನು ತೊಡಿಸಿ ಕಳಿಸುತ್ತೀಯ. ನನ್ನ ಮಕ್ಕಳಲ್ಲಿ ನೋವಾಗದ ಹಾಗೆ ಬಳೆ ತೊಡಿಸುವ ಕೈ ನಿನ್ನದೊಂದೇ. ಅದು ಒಳಗೆ ಡಬ್ಬಿಯ ಧೂಳು ಒರೆಸುತ್ತಾ ಕೂತಿದೆ ಅಂತ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಓಬಳಮ್ಮನನ್ನು ಬಿಡಿಸಬೇಡ. ನೀನು ಹೇಳಿದ ಅಳತೆ ತೆಗೆದುಕೊಡಲು, ಮಾಲು ಕಟ್ಟಲು ಇರಲಿ. ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನನ್ನು ಗಟ್ಟಿಯಾಗಿ ಇಟ್ಟಿರಲಿ.

ನಿಮ್ಮಪ್ಪ,
ವೆಂಕಟರವಣಪ್ಪ

ಬರೆಯಲು ಮರೆತೆ: ಗೌರಿ ಹಬ್ಬದ ಬಳೆಯನ್ನು ಈ ಸಲ ನಿಮ್ಮಮ್ಮ ನನ್ನ ಕೈಯಿಂದ ತೊಡಿಸಿಕೊಳ್ಳುವುದಿಲ್ಲವಂತೆ. “ನನ್ ಮಗಳ ಅಂಗ್ಡೀಲೇ ತೊಟ್ಕೊಂಡು ಬರ್ತೀನಿ” ಅಂತ ಹಟ ಹಿಡಿದಿದ್ದಾಳೆ. ಹಬ್ಬದ ಹಿಂದಿನ ಸಂತೆಯ ದಿನ ಮೊದಲ ಬಸ್ಸಿಗೆ ಇಬ್ಬರೂ ಬರುತ್ತೇವೆ. ಜನ ಸೇರುವ ಹೊತ್ತಿಗೆ, ಅಂಗಡಿಯ ಮುಂದೆ, ಎಲ್ಲರ ಎದುರಿಗೆ ನೀನೇ ತೊಡಿಸಬೇಕು. ಅದರಿಂದ ಕೆಡುಕಾಗುವುದಿದ್ದರೆ ಆಗಬೇಕಾದದ್ದು ಅವಳ ಗಂಡನಿಗೆ, ಅಂದರೆ ನನಗೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ, ನೋಡುವವರು ನೋಡಲಿ.