ಮೈದಾನದ ನಡುವಿನ ತನಕ

ಹೈದರಾಬಾದ್
9 ಡಿಸೆಂಬರ್ 2012

ಪ್ರೀತಿಯ ಪಿಂಕಿ,

ಹೇಗಿದ್ದೀ? ಪತ್ರ ತಡವಾಯಿತು, ಸಿಟ್ಟಾಗಬೇಡ. ದಸರಾ ಆದಮೇಲೆ ಬರೀತೀನಿ ಅಂದಿದ್ದೆ, ದೀಪಾವಳಿಯೂ ಹೋಯಿತು. ಎರಡು ಸಲ ಶುರು ಮಾಡಿ ಹರಿದು ಹಾಕಿದೆ. ನಿಮ್ಮ ಹಾಸ್ಟೆಲ್‌ನಲ್ಲಿ ಈಗಲೂ ಪತ್ರ ಒಡೆದು ಓದಿಯೇ ಕೊಡ್ತಾರಲ್ಲ, ಅದಕ್ಕೆ ಮೊದಲೇ ಹೇಳಿಬಿಡ್ತೀನಿ: ಸುಮತಿ ಮೇಡಮ್, ನಮಸ್ಕಾರ ರೀ. ನಾನು ದಿನೇಶ, ನಿಮ್ಮ ಹಳೇ ಸ್ಟೂಡೆಂಟ್. ಓದಿ ಆದಮೇಲೆ ಪಿಂಕಿಗೆ ಕೊಡ್ರಿ.

ಇಲ್ಲಿ ಎಲ್ಲ ಸರಿ ಇದೆ. ಕಾಲೇಜು, ಮೆಸ್ಸು, ಮತ್ತೆ ಅದೇ ಕಬ್ಬಿಣದ ಮಂಚ. ಬೀದರಿಗೆ ಫೋನ್ ಮಾಡಿದ್ದೆ, ಅವ್ವನ ಕಾಲುನೋವು ಹಾಗೇ ಇದೆಯಂತೆ. ಅಪ್ಪ ಮಾದಾಪುರದಲ್ಲಿ ರಾತ್ರಿ ಕ್ಯಾಬ್ ಓಡಿಸ್ತಾರೆ, ಸಾಫ್ಟ್‌ವೇರ್‌ನವರನ್ನ ಮನೆಮನೆಗೆ ಬಿಡೋದು. ದಿಲ್‌ಸುಖ್‌ನಗರದ ರೂಮಿನಲ್ಲಿ ಬೇರೆ ಡ್ರೈವರ್‌ಗಳ ಜೊತೆ ಇದ್ದಾರೆ. ಅವರು ಮಲಗೋ ಹೊತ್ತಿಗೆ ನನ್ನ ಕ್ಲಾಸು. ಒಂದೇ ಊರಲ್ಲಿದ್ದರೂ ಕಾಲೇಜು ಸೇರಿದ ಮೇಲೆ ಒಮ್ಮೆ ಮಾತ್ರ ಕಂಡಿದ್ದು, ಕೋಠಿಯಲ್ಲಿ, ಪುಸ್ತಕ ಕೊಡಿಸೋಕೆ ಬಂದಾಗ.

ನೀನು ಆಟದ ಸುದ್ದಿ ಕೇಳಿದ್ದೆ. ಇದು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ, ಅಮೆರಿಕದ್ದು. ಚೆಂಡು ಹಿಡಿದು ಓಡಬೇಕು, ಎದುರಿನವರು ಬಂದು ಕೆಡವಬೇಕು. ನಾನು ದಪ್ಪ ಇದ್ದೀನಿ ಅಂತ ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಎದುರಿನವನನ್ನು ತಡೆಯೋದಷ್ಟೇ ನನ್ನ ಕೆಲಸ. ಇಡೀ ಸೀಸನ್‌ನಲ್ಲಿ ಚೆಂಡು ಮುಟ್ಟಿಲ್ಲ. ಮೊದಲ ಎರಡು ಮ್ಯಾಚ್ ಸೋತೆವು. ಮೂರನೆಯದಕ್ಕೆ ಎದುರು ಟೀಮಿನ ಬಸ್ಸು ಬರಲೇ ಇಲ್ಲ, ಅದನ್ನ ನಮ್ಮ ಗೆಲುವು ಅಂದರು. ಹುಡುಗರು ಬಿರಿಯಾನಿ ತರಿಸಿ ಕುಣಿದರು. ಪ್ರತಿ ಮ್ಯಾಚಿಗೆ ಮುಂಚೆ ಗಾಬರಿಗೆ ಹೆಲ್ಮೆಟ್ಟಿನ ಪಟ್ಟಿ ಮೂರು ಸಲ ಬಿಚ್ಚಿ ಕಟ್ತೀನಿ. ಆದರೆ ಆಟದ ನಡುವೆ ಹನ್ನೊಂದು ಜನ ಹೆಗಲ ಮೇಲೆ ಕೈ ಹಾಕಿ ಬಗ್ಗಿ ನಿಲ್ತೀವಿ, ಮುಂದೇನು ಮಾಡೋದು ಅಂತ ಮಾತಾಡೋಕೆ. ಆಗ ಮಾತ್ರ ಗಾಬರಿ ಇಳಿಯುತ್ತೆ. ಹಾಸ್ಟೆಲ್‌ನಲ್ಲಿ ಬೆಳೆದವಳು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕೋಚ್ ಚೇತನಕುಮಾರ ಸರ್ ಗುಲಬರ್ಗಾದವರು. ಅಮೆರಿಕದಲ್ಲಿ ಕೆಲಸ ಮಾಡಿ ಬಂದಿದ್ದಾರೆ, ಶನಿವಾರ ರವಿವಾರ ನಮಗೆ ಕಲಿಸ್ತಾರೆ. ಅಲ್ಲಿ ಸೀಸನ್‌ನ ಕೊನೇ ಮ್ಯಾಚಿನಲ್ಲಿ ಕಾಲೇಜು ಮುಗಿಸೋ ಹುಡುಗರು ತಂದೆತಾಯಿಯ ಕೈಹಿಡಿದು ಮೈದಾನದ ನಡುವಿನ ತನಕ ನಡೀತಾರಂತೆ, ಮೈಕಿನಲ್ಲಿ ಹೆಸರು ಕೂಗ್ತಾರಂತೆ. "ನಮ್ದು ಮೊದಲನೇ ಸೀಸನ್, ಎಲ್ಲಾರೂ ನಡೀರಿ, ಮನ್ಯಾಗ ಹೇಳ್ರಿ," ಅಂದರು ಸರ್. ಪಿಂಕಿ, ನನಗೆ ಅದೊಂದು ಬೇಕಾಗಿತ್ತು. ಗೆಲ್ಲೋದು ಬಿಡೋದು ಆಮೇಲೆ. ಸ್ಕೂಲಿನ ಗ್ಯಾದರಿಂಗ್‌ಗೆ ನಮ್ಮ ಮನೆಯಿಂದ ಯಾರೂ ಯಾವತ್ತೂ ಬಂದವರಲ್ಲ. ಅಪ್ಪನಿಗೆ ಫೋನ್ ಮಾಡಿದೆ.

"ಎಂಥಾ ಫುಟ್‌ಬಾಲ್ ಅದು? ಚೆಂಡು ಸುದ್ದಾ ದುಂಡಗಿಲ್ಲಂತ."

"ಅಪ್ಪಾ, ಬರ್ತೀರೋ ಇಲ್ಲೋ?"

"ನಿನ್ನ ಕೈಯಾಗ ಚೆಂಡರ ಕೊಡ್ತಾರೇನು?"

"ಇಲ್ರಿ. ನಾ ಬರೇ ತಡೀಬೇಕು."

"ಮತ್ತ ಬಂದು ನೋಡೂದೇನೈತಿ?"

"ನಡಿಯೂದು ಐತ್ರಿ. ನಿಮ್ಮ ಸಂಗಾಟ."

"ಡ್ಯೂಟಿ ಮುಗಿಸಿ ಹಂಗ ಬರ್ತೀನಿ," ಅಂದರು.

ಹೋದ ರವಿವಾರ ಬೆಳಿಗ್ಗೆ ಖರೇನೇ ಬಂದರು. ಬಿಳಿ ಯೂನಿಫಾರ್ಮ್‌ನಲ್ಲೇ. ಕ್ಯಾಬನ್ನ ಗೇಟಿಗೆ ಅಡ್ಡ ನಿಲ್ಲಿಸಿ ವಾಚ್‌ಮನ್ ಜೊತೆ ತೆಲುಗಿನಲ್ಲಿ ಜಗಳ ಮಾಡಿ ಬಂದರು. ಮೈದಾನದ ನಡುವಿನ ತನಕ ನಡೆದರು. ಮೈಕಿನಲ್ಲಿ "ದಿನೇಶ್ ಬಂಡೆಪ್ಪ" ಅಂತ ಕೇಳಿಸಿತು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಮ್ಯಾಚ್ ಸೋತೆವು. ನಾನು ಚೆನ್ನಾಗಿ ಆಡಿದೆನಂತೆ. ನನಗೆ ನೆನಪಿಲ್ಲ. ಎಷ್ಟು ಗುದ್ದಿಸಿಕೊಂಡರೂ ನೋವಾಗಲಿಲ್ಲ. ಎಡಗೈಯ ಎರಡು ಬೆರಳು ಈಗಲೂ ಜೋಮು ಹಿಡಿದಂತಿವೆ, ಡಾಕ್ಟರ್ ಹೋಗುತ್ತೆ ಅಂದಿದ್ದಾರೆ. ಅವ್ವನಿಗೆ ಹೇಳಬೇಡ.

ನಿನ್ನ ಪರೀಕ್ಷೆ ಸಲೀಸಾಗಲಿ, ಆ ಕೆಮ್ಮು ಹೋಗಲಿ, ಮೆಸ್ಸಿನ ಸಾರಿನಲ್ಲಿ ಬೇಳೆ ಸಿಗಲಿ. ಇದು ಅಣ್ಣನ ಆಶೀರ್ವಾದ.

ನಿನ್ನ ಅಣ್ಣ,
ದಿನೇಶ

ತಾ.ಕ.: ಇನ್ನೊಂದು ಉಳಿಯಿತು. ಅವತ್ತು ಮೈದಾನವನ್ನ ಬೇಗ ಕ್ರಿಕೆಟ್‌ನವರಿಗೆ ಬಿಟ್ಟುಕೊಡಬೇಕಿತ್ತು, ಅದಕ್ಕೆ ಹೆಲ್ಮೆಟ್ ತೆಗೀಬೇಡ್ರಿ, ಹಂಗ ಸಾಲಾಗಿ ನಿಲ್ರಿ ಅಂದರು ಸರ್. ಮುಖಕ್ಕೆ ಕಂಬಿ, ಹೆಗಲಿಗೆಲ್ಲ ಪ್ಯಾಡು. ನನ್ನ ಪಕ್ಕ ಋಷಭ್ ಇದ್ದ, ಭೋಪಾಲದವನು, ನನ್ನಷ್ಟೇ ಎತ್ತರ, ನನ್ನಷ್ಟೇ ದಪ್ಪ. ಅವನ ಮನೆಯವರು ಬರೋಕಾಗದೆ ಸರ್ ಅವನ ಜೊತೆ ನಡೆಯೋದು ಅಂತಾಗಿತ್ತು. ಅಪ್ಪ ಸಾಲಿನ ಮುಂದೆ ನಿಧಾನ ಬಂದರು. ನನ್ನನ್ನ ನೋಡಿದರು. ಮುಂದೆ ಹೋಗಿ ಋಷಭನ ಕೈ ಹಿಡಿದರು.

ಅಂಗಿಯ ಮೇಲಿನ ನಂಬರ್ ನಾನು ಹೇಳಿರಲಿಲ್ಲ. ಅಪ್ಪನಿಗೆ ನಂಬರ್ ಹೇಳಬೇಕಾಗುತ್ತೆ ಅಂತ ಅನ್ನಿಸಿರಲಿಲ್ಲ.

ಕರೆಯಬಹುದಿತ್ತು. ಋಷಭ್ ತಿರುಗಿ ನನ್ನ ಕಡೆ ನೋಡಿದ, ನಾನೇ ಹೋಗು ಅಂತ ಕೈ ಮಾಡಿದೆ. ನಾನು ಸರ್ ಜೊತೆ ನಡೆದೆ. ಸಾಲೆಲ್ಲ ಒಟ್ಟಿಗೆ ಹೋಗುವಾಗ ಅಪ್ಪ ಋಷಭನ ಕಿವಿಯ ಹತ್ತಿರ ಬಗ್ಗಿ ನಡುವಿನ ತನಕ ಮಾತಾಡುತ್ತಲೇ ಇದ್ದರು. ನಮ್ಮಿಬ್ಬರ ಜೊತೆ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ಸಂಜೆ ಋಷಭನಿಗೆ ಏನಂದರು ಅಂತ ಕೇಳಿದೆ. "ಕನ್ನಡ ಇತ್ತು ಭಾಯ್, ನನಗೇನು ತಿಳೀಬೇಕು, ತಲೆ ಆಡಿಸ್ತಾ ಹೋದೆ," ಅಂತ ಹಿಂದಿಯಲ್ಲಿ ಹೇಳಿದ. "ಒಂದು ಕಡೆ ನಿಂತು ಕಣ್ಣು ಒರೆಸಿಕೊಂಡರು," ಅಂದ.

ಅಪ್ಪನಿಗೆ ಇದು ಗೊತ್ತಿಲ್ಲ. ಮ್ಯಾಚ್ ಮುಗಿದು ಹೆಲ್ಮೆಟ್ ತೆಗೆದ ಮೇಲೆ ಸೀದಾ ನನ್ನ ಹತ್ತಿರ ಬಂದರು. ಗೇಟಿನ ತನಕ ಹೋದೆ. ಕ್ಯಾಬಿನ ಬಾಗಿಲು ತೆಗೆಯುತ್ತ ಅಂದರು, "ಆವಾಗ ನಾ ಹೇಳಿದ್ದು ತೆಲ್ಯಾಗ ಇಟ್ಕೊಂಡೀ ಇಲ್ಲೋ? ಮತ್ತೊಮ್ಮೆ ಹೇಳಾಕ ನನ್ನ ಕೈಲೆ ಆಗಂಗಿಲ್ಲ ನೋಡು."

"ಇಟ್ಕೊಂಡೀನ್ರಿ ಅಪ್ಪಾ," ಅಂದೆ.