ಅವ್ವನ ತವರು

ಕುರುಗೋಡು, 1988

ಅವ್ವಾ,

ನೀ ಶಿವನ ಪಾದ ಸೇರಿ ವರ್ಷಾತು. ಆದ್ರೂ ಹೇಸಿಗಿ ತಡಿಯಾಕಾಗದ ಬರಿಯಾಕತ್ತೀನಿ.

ಇವತ್ತು ಬಳ್ಳಾರಿಯಿಂದ ಡಾಕ್ಟ್ರು ರಕ್ತ ತಗೊಳ್ಳಾಕ ಬಂದಿದ್ರು. ತಾಯಿಯಿಂದ ಮಾತ್ರ ಮಕ್ಕಳಿಗೆ ಬರೋ ಅಂಶ ಒಂದು ರಕ್ತದಾಗ ಐತಂತ. ಅದನ್ನ ಹಿಡಿದು ಯಾವ ಮಂದಿ ಎಲ್ಲಿಂದ ಬಂದ್ರು, ಯಾವ ಭಾಷಾ ತಂದ್ರು ಅಂತ ಹುಡುಕತಾರಂತ. "ನಿಮ್ಮ ತಾಯಿ ತವರು ಯಾವುದ್ರಿ?" ಅಂದ್ರ ಗಂಡಸ್ರೆಲ್ಲ ಅಪ್ಪ, ಮುತ್ಯಾನ ಹೆಸರು ಹೇಳಿದ್ರು. ನಮ್ಮಣ್ಣ ಮರಿಬಸಪ್ಪ ಮೀಸಿ ತಿರುವಿ, "ನಮ್ಮವ್ವ ಇದ ಊರಾಕಿ, ಅಚ್ಚ ಕನ್ನಡದಾಕಿ" ಅಂದ. ಥೂ! ಆದೋನಿಯಿಂದ ಬಂದ ನಿನ್ನ ತೆಲುಗು ಜೋಗುಳ ಕೇಳಿ ಬೆಳೆದಂವ! ಸುಳ್ಳು ಹೇಳಿ, ರಕ್ತ ಕೊಟ್ಟು, ಅವರು ಕೊಟ್ಟ ಬಿಸ್ಕೀಟು ತಿಂದು ಬಂದ.

ರಕ್ತದಾಗಿನ ಆ ಅಂಶ ಹೆಣ್ಣುಮಕ್ಕಳಿಂದ ಮಾತ್ರ ಮುಂದ ದಾಟತೈತಂತ, ಅವ್ವಾ. ನಿನಗಿರೋ ಮಗಳು ನಾನೊಬ್ಬಾಕಿ. ನನಗ ಹುಟ್ಟಿದ್ದು ಎರಡೂ ಗಂಡು.