ಸಾಲಿನ ತುದಿಗೆ ಬಿಟ್ಟ ಜಾಗ

5 ಜೂನ್ 2006, ಸೋಮವಾರ

ಹಣ್ಣಾದ ರೇಷ್ಮೆಹುಳುವನ್ನೆಲ್ಲ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಾಯಿತು. ಸೊಂಟ ಬಿದ್ದುಹೋಗಿದೆ. ಹುಳು ಆರಿಸಿದ್ದೆಲ್ಲ ತಾನೊಬ್ಬಳೇ ಅಂತ ಹೆಂಡತಿ ಸರಸಮ್ಮನ ಗೊಣಗಾಟ. ಸುಳ್ಳೇನಲ್ಲ.

ಮಧ್ಯಾಹ್ನ ಮಾಗಡಿಗೆ ಹೋಗಿದ್ದೆ. ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ನಾನು ಮೂವತ್ತು ವರ್ಷ ಕೂತು ಪತ್ರ ಬರೆದ ಜಾಗದಲ್ಲಿ ಈಗ ಜೆರಾಕ್ಸ್ ಅಂಗಡಿ. ಕ್ರಯಪತ್ರ, ವಿಭಾಗಪತ್ರ, ಎಲ್ಲಾ ಕಂಪ್ಯೂಟರ್. ನನ್ನ ಅಕ್ಷರ ನೋಡಿ ರಿಜಿಸ್ಟ್ರಾರ್ ಸಾಹೇಬರೇ ಎದ್ದು ಕೈಕುಲುಕಿದ್ದುಂಟು. ಯಾರಿಗೆ ಹೇಳುವುದು.

ಪಕ್ಷದ ಆಫೀಸಿಗೂ ಇಣುಕಿದೆ. ಹೊಸ ಸೋಫಾ, ಎ.ಸಿ. ಜಮಖಾನ ಎಲ್ಲಪ್ಪಾ ಅಂದರೆ ಅಲ್ಲಿದ್ದವರಿಗೆ ಜಮಖಾನ ಅಂದರೇನೆಂದೇ ಗೊತ್ತಿಲ್ಲ. ಥೂ.

9 ಜೂನ್

ಬಂದೇಬಿಟ್ಟಿತು. ಬಿಡದಿ ಕಡೆಯಿಂದ ಫ್ಯಾಕ್ಟರಿಗಳು ವರ್ಷವರ್ಷ ಹತ್ತಿರ ಆಗುತ್ತಿದ್ದವು, ಈಗ ನಮ್ಮೂರಿಗೇ ಭೂಸ್ವಾಧೀನದ ನೋಟಿಫಿಕೇಶನ್. ನಾನೂರು ಎಕರೆ. ಸರ್ಕಾರದಲ್ಲಿರುವುದು ನಮ್ಮದೇ ಪಕ್ಷ. ನನ್ನ ಹಿಪ್ಪುನೇರಳೆ ತೋಟವೂ ಹೋಯಿತು, ಬದುವಿನಾಚೆ ಮುನಿಶಾಮಯ್ಯನ ಹೊಲವೂ ಹೋಯಿತು. ನನ್ನದಕ್ಕೆ ಬೋರ್‌ವೆಲ್ ಇದೆ. ಅವನದು ಬರೀ ಮಳೆ ನಂಬಿದ ಎರಡೂವರೆ ಎಕರೆ, ಪಕ್ಷವೇ ಧರಣಿ ಕೂತು ಕಾಲೋನಿಯವರಿಗೆ ಕೊಡಿಸಿದ ದರಖಾಸ್ತು ಜಮೀನು.

ಸಂಜೆ ಅವನೇ ಬಂದ. ನನ್ನ ಮುಖ ನೋಡಿ ನನಗೇ ಸಮಾಧಾನ ಹೇಳಿದ.

"ಹೆದರ್ಕಬ್ಯಾಡ ಚೆಲುವಣ್ಣ. ಪಕ್ಷದ್ ಪುಸ್ತಕದಲ್ ಬರ್ದೈತಲ್ಲ! ಎಂಬತ್ನಾಕ್ನೇ ಇಸ್ವಿ. ನಾನ್ ಎದ್ದು ಹೇಳ್ದೆ, ನೀನ್ ಬರ್ದೆ. ಊರ್ ಮೀಟಿಂಗಲ್ಲಿ ಅದ್ನೇ ಓದ್ಸಾನ. ಅವ್ರ್ ಮಾತ್ನ ಅವ್ರೇ ಮೀರಕಾಯ್ತದಾ?"

ಅವತ್ತಿನ ಸಭೆ ಕಣ್ಣಮುಂದಿದೆ. ತಾಲ್ಲೂಕಿನಲ್ಲಿ ಪಕ್ಷ ಶುರುವಾದದ್ದೇ ಕಾಲೋನಿಯಲ್ಲಿ, ಮುನಿಶಾಮಯ್ಯನ ಮನೆ ಮುಂದೆ. ಗೌಡರೇ, ಬುದ್ಧೀ ಅಂತೆಲ್ಲ ಅನ್ನಕೂಡದು, ಎಲ್ಲರೂ ಎಲ್ಲರಿಗೂ ಅಣ್ಣ ಅನ್ನಬೇಕು ಅಂತ ಮೊದಲ ನಿರ್ಣಯ. ಅವನ ಹೆಂಡತಿ ಮಾರಕ್ಕ ತಿರುವಿದ ಮುದ್ದೆ, ಉಪ್ಸಾರು, ಎಲ್ಲರೂ ಜಮಖಾನದ ಮೇಲೆ ಒಂದೇ ಸಾಲಿನಲ್ಲಿ ಕೂತು ಉಂಡೆವು. ಮನೆಗೆ ಬಂದಾಗ ನಮ್ಮವ್ವ ಸ್ನಾನ ಮಾಡದೆ ಒಳಗೆ ಬರಬೇಡ ಅಂದಳು. ನಾನು ಎರಡು ದಿನ ಜಗಲಿಯಲ್ಲೇ ಮಲಗಿದೆ, ಸ್ನಾನ ಮಾಡಲಿಲ್ಲ. ಆ ಹಠ ಎಲ್ಲಿ ಹೋಯಿತೋ.

ಎರಡನೇ ನಿರ್ಣಯ ಅವನದು. "ರೈತರ ಒಪ್ಪಿಗೆಯಿಲ್ಲದೆ ಒಂದು ಗುಂಟೆ ಜಮೀನನ್ನೂ ಯಾವ ಕಾರ್ಖಾನೆಗೂ ಬಿಟ್ಟುಕೊಡಲು ಪಕ್ಷವು ಒಪ್ಪುವುದಿಲ್ಲ." ಅವನಿಗೆ ಓದಲು ಬರದು. ಆದರೆ ಇದು ಬಾಯಿಪಾಠ.

14 ಜೂನ್

ಸ್ವಾಮಿ ಮನೆಗೆ ಬಂದಿದ್ದ. ಈಗ ಪಕ್ಷದ ತಾಲ್ಲೂಕು ಅಧ್ಯಕ್ಷ. ನಾನೇ ಪೋಸ್ಟರ್ ಅಂಟಿಸಲು ಕಲಿಸಿದವನು. ಅವನ ಸ್ಕಾರ್ಪಿಯೋ ಕಾರು ಬೀದಿಯಲ್ಲಿ ತಿರುಗಲಾರದೆ ಪಕ್ಕದ ಮನೆಯ ಗೋಡೆಗೆ ಒರಗಿಸಿದ್ದ ಒನಕೆ ಮುರಿಯಿತು. ಕಂಕುಳಲ್ಲಿ ನಡವಳಿ ಪುಸ್ತಕ! ಇಪ್ಪತ್ತೆರಡು ವರ್ಷದ ನಂತರ ನನ್ನ ಅಕ್ಷರ ನಾನೇ ನೋಡಿದೆ. ಮುತ್ತು.

ಅವನು ಬೆರಳಿಟ್ಟು ತೋರಿಸಿದ. 'ಒಂದು ಗುಂಟೆ' ಅನ್ನುವಲ್ಲಿಗೆ ಸಾಲು ಮುಗಿದಿದೆ. ಮುಂದೆ ಒಂದು ಪದ ಹಿಡಿಯುವಷ್ಟು ಜಾಗ ಖಾಲಿ.

"ಇಲ್ಲಿ ನೀರಾವರಿ ಅಂತ ಒಂದ್ ಪದ ಸೇರ್ಸ್‌ಬುಡಿ ಅಪ್ಪಾಜಿ. ನೀರಾವರಿ ಜಮೀನ್ ಮುಟ್ಟಬಾರ್ದು ಅಂತ ಪಕ್ಷದ್ ನೀತಿನೇ ಐತೆ ಅಂತ ಮೇಲ್ನೋರಿಗೆ ತೋರುಸ್ತೀನಿ. ನಿಮ್ ತೋಟ ಉಳೀತದೆ."

"ಮುನಿಶಾಮಯ್ಯಂದು?"

"ಎಲ್ಲಾರ್ನೂ ಉಳ್ಸಕಾಯ್ತದಾ? ಪುಸ್ತಕ ಹಿಂಗೇ ಓದುದ್ರೆ ಯಾರ್ದೂ ಉಳಿಯಾಕಿಲ್ಲ, ಪುಸ್ತಕನೇ ಸುಟ್ಟಾಕ್ತಾರೆ. ನೀವಾದ್ರೂ ಉಳ್ಕಳಿ."

"ಎದ್ದೋಗ್ಲೇ ಸ್ವಾಮಿ," ಅಂದೆ. ಎದ್ದು ಹೋದ. ಪುಸ್ತಕ ಬಿಟ್ಟೇ ಹೋದ, ಬಡ್ಡೀಮಗ.

ಆ ಜಾಗ ನನ್ನದೇ ತಪ್ಪು. ಪತ್ರ ಬರೆಯುವಾಗ ಸಾಲಿನ ತುದಿಗೆ ಜಾಗ ಉಳಿದರೆ ಅಡ್ಡಗೆರೆ ಎಳೆದು ಮುಚ್ಚಬೇಕು — ಆಮೇಲೆ ಯಾರೂ ಏನೂ ತುರುಕಬಾರದಲ್ಲ. ಮೂವತ್ತು ವರ್ಷದಲ್ಲಿ ಒಂದು ಪತ್ರಕ್ಕೂ ಗೆರೆ ಮರೆತವನಲ್ಲ. ಪಕ್ಷದ ಪುಸ್ತಕಕ್ಕೆ ಎಳೆಯಲಿಲ್ಲ. ನಮ್ಮ ನಮ್ಮಲ್ಲಿ ಗೆರೆ ಯಾಕೆ ಅನ್ನಿಸಿತ್ತು.

15 ಜೂನ್

ಸರಸಮ್ಮ ಎಲ್ಲಾ ಕೇಳಿಸಿಕೊಂಡಿದ್ದಾಳೆ. ಸೊಪ್ಪಿನ ಹೊರೆ ಇಳಿಸುತ್ತಾ ಅಂದಳು — "ಆ ಗಿಡ ನೆಟ್ಟೋಳು ನಾನು. ನಿಮ್ ತತ್ವ ಬಂದು ಒಂದ್ ಬಿಂದ್ಗೆ ನೀರ್ ಉಯ್ಲಿಲ್ಲ."

ನಾನು ಹೊರೆ ಬಿಚ್ಚಿ ಸೊಪ್ಪು ಹರಡಿದೆ.

19 ಜೂನ್

ಹೋದ ವಾರ ಹಾಕಿದ ಗೂಡಿನ ದುಡ್ಡು ತರಲು ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಒಳ್ಳೆಯ ಗೂಡು ಅಂತ ನೂಲು ತೆಗೆಯುವ ರೀಲರ್ ಬಾಬಾಜಾನ್ ಹೊಗಳಿದ. "ಮುಂದಿನ ಬೆಳೇನೂ ನಂಗೇ ತನ್ನಿ." ಮುಂದಿನ ಬೆಳೆ! ಬಸ್ಸಿನಲ್ಲಿ ಪೂರ್ತಿ ಅದೇ ತಲೆಯಲ್ಲಿ. ಪುಸ್ತಕ ಅಟ್ಟದ ಮೇಲಿದೆ. ನೋಡಬಾರದು ಅಂತ ಇಟ್ಟೆ, ದಿನಕ್ಕೆ ಎರಡು ಸಲ ಇಳಿಸಿ ನೋಡುತ್ತೇನೆ.

22 ಜೂನ್, ಮಧ್ಯಾಹ್ನ ಮೂರು

ಬರೆದೆ.

ಇಂಕಿಗೆ ನೀರು ಬೆರೆಸಿ ಹಳೆಯ ಬಣ್ಣಕ್ಕೆ ತಂದೆ. ಬೇರೆ ಹಾಳೆಯಲ್ಲಿ ಹತ್ತಾರು ಸಲ ತಿದ್ದಿಕೊಂಡೆ. ನನ್ನ ಆ ಕಾಲದ 'ರ'ಕ್ಕೆ ಹೊಟ್ಟೆ ದೊಡ್ಡದು, ಅದೂ ಬಂತು. ಎಷ್ಟು ಚೆನ್ನಾಗಿ ಕೂತಿದೆಯೆಂದರೆ ನನಗೇ ಗುರುತು ಸಿಗುವುದಿಲ್ಲ. ಒಂದು ಗಳಿಗೆ ಖುಷಿಯಾಯಿತು. ಹೌದು, ಖುಷಿ. ಅದನ್ನೂ ಬರೆದಿಡಬೇಕು. ಆಮೇಲೆ ತಿದ್ದಿಕೊಂಡ ಹಾಳೆಯನ್ನು ಒಲೆಗೆ ಹಾಕಿದೆ.

9 ಜುಲೈ, ಭಾನುವಾರ

ಊರ ಮೀಟಿಂಗ್. ಸ್ಕೂಲ್ ಅಂಗಳ. ಶಾಮಿಯಾನ, ಫ್ಲೆಕ್ಸು, ಬಿರಿಯಾನಿ ಪೊಟ್ಟಣ. ಸ್ವಾಮಿ ಅಭಿವೃದ್ಧಿ, ಉದ್ಯೋಗ ಅಂತ ಅರ್ಧ ಗಂಟೆ ಕೊರೆದ. ಮುನಿಶಾಮಯ್ಯ ಎದ್ದ. ಮಡಿ ಪಂಚೆ ಉಟ್ಟು ಬಂದಿದ್ದ, ಮದುವೆಗೆ ಬಂದ ಹಾಗೆ.

"ಭಾಷಣ ಇರ್ಲಿ. ಪುಸ್ತಕ ಓದ್ಲಿ. ಅಧ್ಯಕ್ಷರು ಬ್ಯಾಡ, ಚೆಲುವಣ್ಣ ಓದ್ಲಿ. ಅವ್ನು ಸುಳ್ ಹೇಳಾಕಿಲ್ಲ."

ಮನೆಯಿಂದ ತಂದಿದ್ದ ಪುಸ್ತಕ ತೆರೆದೆ. ಆ ಪದ ಬಿಟ್ಟು ಓದಿಬಿಡಲೇ ಅನ್ನಿಸಿತು. ಸ್ವಾಮಿ ಪಕ್ಕದಲ್ಲೇ ನಿಂತು ಸಾಲು ನೋಡುತ್ತಿದ್ದ. ಎದುರಿಗೆ ಸರಸಮ್ಮ ಕೂತಿದ್ದಳು. ಓದಿದೆ. "...ಒಂದು ಗುಂಟೆ ನೀರಾವರಿ ಜಮೀನನ್ನೂ..."

ಮುನಿಶಾಮಯ್ಯ ಕೈ ಅಡ್ಡ ಹಿಡಿದ. "ಇನ್ನೊಂದ್ಸಲ ಓದಣ್ಣ."

ಓದಿದೆ.

"ನೀರಾವರಿ ಅಂತ ಐತಾ?"

"ಐತೆ," ಅಂದೆ.

ಜನ ಗುಜುಗುಜು ಅಂದರು. ಕಾಲೋನಿಯ ಹುಡುಗರು ಇದು ಮೋಸ ಅಂತ ಕೂಗಿದರು. ಅವರನ್ನು ಮುನಿಶಾಮಯ್ಯನೇ ಗದರಿಸಿ ಕೂರಿಸಿದ. "ಏಯ್, ಸುಮ್ಕಿರ್ರೋ. ಚೆಲುವಣ್ಣನ್ ಕೈಬರಾವ ಅದು. ನಂಗೇ ಮರ್ತೋಗಿರ್ಬೇಕು."

ನನ್ನ ಕಡೆ ತಿರುಗಿ ಕೈ ಮುಗಿದ. ಸಭೆ ಮುಗಿಯಿತು.

13 ಜುಲೈ

ನಮ್ಮ ತೋಟ ಕೈಬಿಟ್ಟಿದ್ದಾರಂತೆ. ಸ್ವಾಮಿ ಫೋನ್ ಮಾಡಿದ್ದ. ಸರಸಮ್ಮ ಪಾಯಸ ಮಾಡಿದಳು. ಉಂಡೆ.

17 ಜುಲೈ, ಸಂಜೆ

ಮುನಿಶಾಮಯ್ಯ ಬಂದಿದ್ದ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ನೇರ ಇಲ್ಲಿಗೆ ಬಂದನಂತೆ, ಬೆರಳಿನ ಮಸಿ ಹೋಗಿರಲಿಲ್ಲ. ಒಳಗೆ ಬಾ ಅಂದರೆ ಜಗಲಿ ಸಾಕು ಅಂದ. ಕೋಪ ಮಾಡಿದ್ದರೆ ಚೆನ್ನಾಗಿತ್ತು. ಮಾಡಲಿಲ್ಲ.

"ಪಕ್ಷ ಕೆಟ್ಟೋಯ್ತು ಕೆಟ್ಟೋಯ್ತು ಅಂತ ಊರೆಲ್ಲಾ ಬಯ್ಕಂಡ್ ತಿರುಗ್ತಿದ್ದೆ ಕಣಣ್ಣ. ತಪ್ಪಾಯ್ತು. ಅದೇನ್ ಕೆಟ್ಟಿಲ್ಲ. ಮೊದ್ಲಿಂದ್ಲೂ ಹಿಂಗೇಯ. ನಮ್ ಮನೆ ಮುಂದೆ ಕೂತ್ಕಂಡು, ನಮ್ಮ ಮುದ್ದೆ ಉಂಡ್ಕಂಡು, ನಮ್ಮನ್ನ ಆಚೆಗಿಕ್ಕಿ ಬರ್ಕಂಡಿದ್ರಿ. ಓದಕ್ ಬರ್ದೋನು ನಾನು, ತಿಳೀಲಿಲ್ಲ."

ಬೆರಳಿನ ಮಸಿ ಪಂಚೆಗೆ ಒರೆಸಿಕೊಂಡು ಮತ್ತೆ ಅಂದ — "ಮಾರಿಗೂ ಹೇಳ್ದೆ. ನಂಬ್ಲಿಲ್ಲ ಅವ್ಳು. ಅತ್ಕಂಡು ಕೂತವ್ಳೆ."

ಹೊಲ ಹೋದದ್ದಕ್ಕೆ ಒಂದು ಮಾತೂ ಆಡಲಿಲ್ಲ. ಎದ್ದು ಹೋದ. ಅವನು ಬೀದಿ ತಿರುವು ದಾಟುವ ತನಕ ನೋಡುತ್ತಾ ಕೂತಿದ್ದೆ, ಹಾಳಾದವನು ನಾನು.

18 ಜುಲೈ

ಹೇಳಬೇಕು. ಇವತ್ತು ಆಗಲಿಲ್ಲ. ಸೊಪ್ಪು ಕೊಯ್ಯುವುದಿತ್ತು.

24 ಜುಲೈ

ಬದುವಿನ ತನಕ ಹೋಗಿ ವಾಪಸು ಬಂದೆ. ಕಾಗದ ಬರೆದು ಕಳಿಸೋಣ ಅಂದುಕೊಂಡೆ, ನಾಲ್ಕು ಸಾಲು ಬರೆದೂ ಬಿಟ್ಟೆ. ಆಮೇಲೆ ನೆನಪಾಯಿತು — ಅವನಿಗೆ ಯಾವ ಕಾಗದ ಬಂದರೂ ಓದಿಸಿಕೊಳ್ಳಲು ತರುವುದು ನನ್ನ ಹತ್ತಿರವೇ.

ಬಾಯಲ್ಲೇ ಹೇಳಬೇಕು. ತೋಟ ಹೋದರೆ ಹೋಗಲಿ, ಜೈಲಿಗೆ ಹಾಕಿದರೆ ಹಾಕಲಿ. ನಾಳೆ ಬೆಳಿಗ್ಗೆ, ಮಾರಕ್ಕನೂ ಇರುವಾಗ. ಹೀಗೆ ಶುರು ಮಾಡುತ್ತೇನೆ — ಮುನಿಶಾಮಣ್ಣ, ಆ ಪದ ಅವತ್ತು ಇರಲಿಲ್ಲ. ಮೊನ್ನೆ ನಾನು ಸೇರಿಸಿದ್ದು. ಅವತ್ತು ಜಮಖಾನದ ಮೇಲೆ ಕೂತಾಗ ನಾವೆಲ್ಲ ನಿಜವಾಗಿಯೂ ನಿಮ್ಮನ್ನೂ ಸೇರಿಸಿಕೊಂಡೇ —